ಸಮೀಕ್ಷೆಯಲ್ಲಿ ಕೆಲಸ ಏರುತ್ತಿದೆ, ಆರ್ಡರ್ ಬುಕ್ ಇಳಿಯುತ್ತಿದೆ: ಯಾವುದನ್ನು ನಂಬಿ ಜನ ತೆಗೆದುಕೊಳ್ಳಬೇಕು?

ಪ್ಲಾನಿಂಗ್_ಮೇಜು ಕೇಳಿದ್ದು:

ಮಧ್ಯಮ ಗಾತ್ರದ ಕಟ್ಟಡ ಗುತ್ತಿಗೆ ಕಂಪನಿಯೊಂದರ ಮುಂದಿನ 12 ತಿಂಗಳ ಕೆಲಸದ ಅಂದಾಜು ಮಾಡಬೇಕಿದೆ. ನಿರ್ಮಾಣ ವಲಯದ ಸಮೀಕ್ಷೆಗಳು ಸತತವಾಗಿ "ಕೆಲಸದ ಪ್ರಮಾಣ ಏರಿಕೆಯಲ್ಲಿದೆ" ಅನ್ನುತ್ತಿವೆ. ಅದನ್ನೇ ಹಿಡಿದು ಹೊಸದಾಗಿ ಸೈಟ್ ಎಂಜಿನಿಯರ್‌ಗಳನ್ನು ತೆಗೆದುಕೊಳ್ಳೋಣ ಎಂಬ ಮಾತು ಆಡಳಿತದ ಕಡೆಯಿಂದ ಬಂದಿದೆ. ಆದರೆ ನಮ್ಮ ಅಂಕಿಗಳು ಬೇರೆಯೇ ಹೇಳುತ್ತಿವೆ.

ಮೊತ್ತಗಳನ್ನೆಲ್ಲ ಬರೀ ಘಟಕಗಳಲ್ಲಿ ಕೊಡುತ್ತೇನೆ. ತಿಂಗಳ ಬಿಲ್ಲಿಂಗ್ ಸರಾಸರಿ 120. ಕಳೆದ ಮೂರು ತಿಂಗಳಲ್ಲಿ ಬಿಲ್ ಆಗಿದ್ದು 360, ಹೊಸದಾಗಿ ಸಿಕ್ಕ ಕೆಲಸ 270. ಕೈಯಲ್ಲಿರುವ ಕೆಲಸಗಳ ಬಾಕಿ ಒಟ್ಟು 960. ಅದರಲ್ಲಿ ಒಂದು ಕಟ್ಟಡ 240, ಇನ್ನು 4 ತಿಂಗಳಲ್ಲಿ ಮುಗಿಯುತ್ತದೆ. ಇನ್ನೊಂದು 180, 6 ತಿಂಗಳು ಹಿಡಿಯುತ್ತದೆ. ಮೂರನೆಯದು 540, ಒಟ್ಟು 18 ತಿಂಗಳ ಕೆಲಸ, 5ನೇ ತಿಂಗಳಲ್ಲಿ ಶುರು.

960 ಅನ್ನು 120ರಿಂದ ಭಾಗಿಸಿದರೆ 8 ತಿಂಗಳ ಕೆಲಸ ಕೈಯಲ್ಲಿದೆ ಅಂತಾಯಿತು. ಈ ಲೆಕ್ಕ ಸಾಕೇ? ಸಮೀಕ್ಷೆಯ ಅಂಕಿಗಳನ್ನು ಇದರ ಪಕ್ಕ ಇಟ್ಟು ಓದುವುದು ಹೇಗೆ?

---

ಅಂಕಿ_ಓದುಗ:

ಮೊದಲು ಸಮೀಕ್ಷೆಯ ಅಂಕಿ ಏನನ್ನು ಅಳೆಯುತ್ತದೆ ಎಂಬುದನ್ನು ಬಿಡಿಸಿಕೊಳ್ಳೋಣ. ಗೊಂದಲದ ಮುಕ್ಕಾಲು ಭಾಗ ಅಲ್ಲಿಯೇ ಇದೆ.

ಹೆಚ್ಚಿನ ಸಮೀಕ್ಷೆಗಳು ಕಂಪನಿಗಳಿಗೆ ಕೇಳುವುದು ಒಂದೇ ಪ್ರಶ್ನೆ: ಹಿಂದಿನ ಅವಧಿಗಿಂತ ಕೆಲಸ ಹೆಚ್ಚಾಗಿದೆಯೋ, ಅಷ್ಟೇ ಇದೆಯೋ, ಕಡಿಮೆಯಾಗಿದೆಯೋ? 40% ಕಂಪನಿಗಳು ಹೆಚ್ಚು, 35% ಅಷ್ಟೇ, 25% ಕಡಿಮೆ ಎಂದರು ಅಂತಿಟ್ಟುಕೊಳ್ಳಿ. ನೆಟ್ ಬ್ಯಾಲೆನ್ಸ್ ಪದ್ಧತಿಯಲ್ಲಿ 40ರಿಂದ 25 ಕಳೆದು +15 ಎಂದು ಬರೆಯುತ್ತಾರೆ. ಬ್ರಿಟನ್ನಿನ ಸರ್ವೇಯರ್‌ಗಳ ವೃತ್ತಿ ಸಂಸ್ಥೆ ಆರ್‌ಐಸಿಎಸ್‌ನ ತ್ರೈಮಾಸಿಕ ವರದಿ ಈ ಬಗೆಯದು. ಪಿಎಂಐ (ಖರೀದಿ ವ್ಯವಸ್ಥಾಪಕರ ಸೂಚ್ಯಂಕ) ಪದ್ಧತಿಯಲ್ಲಿ "ಹೆಚ್ಚು" ಎಂದವರಿಗೆ "ಅಷ್ಟೇ" ಎಂದವರ ಅರ್ಧ ಸೇರಿಸುತ್ತಾರೆ: 40 + 17.5 = 57.5. ಅಲ್ಲಿ 50 ಅಂದರೆ ಬದಲಾವಣೆ ಇಲ್ಲ. ಎರಡೂ ಒಂದೇ ಉತ್ತರಗಳಿಂದ ಬಂದವು. ನೆಟ್ ಬ್ಯಾಲೆನ್ಸ್‌ನ ಅರ್ಧಕ್ಕೆ 50 ಕೂಡಿಸಿದರೆ ಪಿಎಂಐ ಸಿಗುತ್ತದೆ. ಹಾಗಾಗಿ +15 ಮತ್ತು 57.5 ಎಂಬ ಎರಡು ವರದಿಗಳನ್ನು ನೋಡಿ ಒಂದು ದುರ್ಬಲ, ಇನ್ನೊಂದು ಬಲವಾದದ್ದು ಅಂದುಕೊಳ್ಳಬೇಡಿ.

ಇನ್ನು ಮುಖ್ಯವಾದ ಮಾತು. +15 ಅಂದರೆ ಕೆಲಸ 15% ಏರಿದೆ ಅಂತಲ್ಲ. ಏರಿದೆ ಎಂದವರು ಎಷ್ಟು ಮಂದಿ ಹೆಚ್ಚಿದ್ದಾರೆ ಎಂದಷ್ಟೇ. ನಲವತ್ತು ಕಂಪನಿಗೆ ತಲಾ 2% ಏರಿ, ಇಪ್ಪತ್ತೈದು ಕಂಪನಿಗೆ ತಲಾ 20% ಇಳಿದಿದ್ದರೂ ಅಂಕಿ +15 ಎಂದೇ ಬರುತ್ತದೆ. ಹೋಲಿಕೆ ಕೂಡ ಹಿಂದಿನ ತಿಂಗಳಿಗೋ ತ್ರೈಮಾಸಿಕಕ್ಕೋ ಮಾತ್ರ, ಸಾಮಾನ್ಯ ಮಟ್ಟಕ್ಕಲ್ಲ. 2020ರಲ್ಲಿ ಬ್ರಿಟನ್ನಿನ ನಿರ್ಮಾಣ ಪಿಎಂಐ ಏಪ್ರಿಲ್‌ನಲ್ಲಿ 8.2ಕ್ಕೆ ಬಿತ್ತು, ಮೇನಲ್ಲಿ 28.9, ಜೂನ್‌ನಲ್ಲಿ 55.3. ಜೂನ್‌ನ 55.3 ನೋಡಿ ಕೆಲಸ ಮೊದಲಿನ ಮಟ್ಟ ದಾಟಿತು ಎಂದು ಓದಿದರೆ ಪೂರಾ ತಪ್ಪು. ಸೈಟುಗಳು ಮುಚ್ಚಿಕೊಂಡಿದ್ದ ವಸಂತದ ನಂತರ, ಮೇಗಿಂತ ಜೂನ್ ಮೇಲು ಎಂದಷ್ಟೇ ಅದರ ಅರ್ಥ. ಮೇನ 28.9 ಕೂಡ ಚೇತರಿಕೆಯಲ್ಲ. 50ರ ಕೆಳಗಿದೆ, ಅಂದರೆ ಬಿದ್ದದ್ದರ ಮೇಲೆ ಇನ್ನೂ ಬೀಳುತ್ತಿತ್ತು, ಬೀಳುತ್ತಿದ್ದವರ ಸಂಖ್ಯೆ ಕಡಿಮೆಯಾಗಿತ್ತು.

ಓದುವಾಗ ಇನ್ನೂ ಮೂರು ವಿಷಯ ಗಮನಿಸಿ. "ಕೆಲಸ", "ವಿಚಾರಣೆ" (ಕೆಲಸಕ್ಕೆ ದರ ಕೇಳಿ ಬರುವ ಕೋರಿಕೆಗಳು), "ಮುಂದಿನ 12 ತಿಂಗಳ ನಿರೀಕ್ಷೆ" ಇವು ಬೇರೆ ಬೇರೆ ಸಾಲುಗಳು. ತಲೆಬರಹದಲ್ಲಿ ಬರುವುದು ಹೆಚ್ಚಾಗಿ ಇವುಗಳಲ್ಲಿ ಚೆನ್ನಾಗಿ ಕಾಣುವುದು. ನಿರೀಕ್ಷೆಯ ಸಾಲು ಸಾಮಾನ್ಯವಾಗಿ ವಾಸ್ತವಕ್ಕಿಂತ ಮೇಲೆಯೇ ಇರುತ್ತದೆ, ಅದರ ಎತ್ತರವನ್ನು ಬಿಟ್ಟು ದಿಕ್ಕನ್ನು ಮಾತ್ರ ನೋಡಿ. ಎರಡನೆಯದು, ಬಾಗಿಲು ಮುಚ್ಚಿದ ಕಂಪನಿ ಮುಂದಿನ ಸಮೀಕ್ಷೆಗೆ ಉತ್ತರಿಸುವುದಿಲ್ಲ. ಅದರ ಕೆಲಸ ಪಾಲಾಗಿ ಬಂದ ಕಂಪನಿ "ಹೆಚ್ಚಾಗಿದೆ" ಎನ್ನುತ್ತದೆ. ಮಾರುಕಟ್ಟೆ ಕುಗ್ಗುವಾಗಲೂ ಅಂಕಿ ಸ್ವಲ್ಪ ಚೆನ್ನಾಗಿ ಕಾಣುವುದಕ್ಕೆ ಇದೊಂದು ಕಾರಣ. ಮೂರನೆಯದು ವಿಂಗಡಣೆ. ಹೊಸ ಮನೆ ನಿರ್ಮಾಣ ಬಡ್ಡಿ ದರಕ್ಕೆ ಬೇಗ ಅಲ್ಲಾಡುತ್ತದೆ, ಸರ್ಕಾರಿ ಮೂಲಸೌಕರ್ಯ ಬಜೆಟ್ಟಿಗೆ ತಕ್ಕಂತೆ ನಡೆಯುತ್ತದೆ, ದುರಸ್ತಿ ಮತ್ತು ನಿರ್ವಹಣೆ ಇವೆರಡಕ್ಕಿಂತ ನಿಧಾನವಾಗಿ ಏರಿಳಿಯುತ್ತದೆ. ಸೇತುವೆ, ರಸ್ತೆಗಳಿಂದ ಮೇಲೆ ಹೋದ ಒಟ್ಟು ಅಂಕಿ ಕಟ್ಟಡ ಗುತ್ತಿಗೆದಾರನಿಗೆ ಏನನ್ನೂ ಹೇಳುವುದಿಲ್ಲ. ನಿಮ್ಮ ವಿಭಾಗದ ಸಾಲನ್ನು ಹುಡುಕಿ ಓದಿ, ಅದೂ ಋತುಮಾನದ ಹೊಂದಾಣಿಕೆ ಆಗಿದೆಯೇ ಎಂದು ನೋಡಿಕೊಂಡು. ಆಗಿಲ್ಲದಿದ್ದರೆ ಹಿಂದಿನ ತ್ರೈಮಾಸಿಕದ ಬದಲು ಹಿಂದಿನ ವರ್ಷದ ಅದೇ ತ್ರೈಮಾಸಿಕಕ್ಕೆ ಹೋಲಿಸಿ. ಮಳೆ, ಹಿಮಗಾಲ ಮುಗಿದ ಮೇಲೆ ಕೆಲಸ ಏರುವುದು ಸುದ್ದಿಯಲ್ಲ.

ಮುಂಚಿತ ಸೂಚನೆ ಬೇಕಿದ್ದರೆ ವಿನ್ಯಾಸಕಾರರ ಕಡೆ ನೋಡಿ. ನಕ್ಷೆ ಆಗದೆ ಕಟ್ಟಡ ಇಲ್ಲ. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಎಐಎ ಪ್ರಕಟಿಸುವ ಬಿಲ್ಲಿಂಗ್ ಸೂಚ್ಯಂಕವು ವಸತಿಯೇತರ ಕಟ್ಟಡಗಳ ಮೇಲಿನ ಖರ್ಚಿಗಿಂತ ಸುಮಾರು 9ರಿಂದ 12 ತಿಂಗಳು ಮುಂದೆ ನಡೆಯುತ್ತದೆ ಎನ್ನುತ್ತಾರೆ. ನೀವು ಕೆಲಸ ಮಾಡುವ ವಾಸ್ತುಶಿಲ್ಪಿಗಳ ಕಚೇರಿಯಲ್ಲಿ ಎಷ್ಟು ಕೆಲಸ ನಕ್ಷೆಯ ಹಂತದಲ್ಲಿದೆ ಎಂದು ವಿಚಾರಿಸಿದರೆ ಅದೇ ಮಾಹಿತಿ ನಿಮ್ಮ ಮಟ್ಟದಲ್ಲಿ ಸಿಗುತ್ತದೆ.

---

ಅಂದಾಜು_ಪಟ್ಟಿ:

ಸಮೀಕ್ಷೆಯ ವಿಷಯ ಮೇಲಿನವರು ಹೇಳಿದ್ದಾರೆ. ನಾನು ನಿಮ್ಮ 8 ತಿಂಗಳಿನ ಲೆಕ್ಕಕ್ಕೆ ಬರುತ್ತೇನೆ. ಅದು ಸಾಲದು. ಬಾಕಿ ಮೊತ್ತ ಯಾವ ತಿಂಗಳಿಗೆ ಬೀಳುತ್ತದೆ ಎಂದು ಹರಡಿ ನೋಡದಿದ್ದರೆ ಆರ್ಡರ್ ಬುಕ್ ಒಂದು ಸಮಾಧಾನದ ಅಂಕಿ ಅಷ್ಟೆ.

ಹರಡುವುದಕ್ಕೆ ಸರಳ ಕ್ರಮ: ಅವಧಿಯ ಮೊದಲ ಮೂರನೇ ಒಂದು ಭಾಗದಲ್ಲಿ ಮೊತ್ತದ ಕಾಲು, ನಡುವಿನ ಮೂರನೇ ಒಂದರಲ್ಲಿ ಅರ್ಧ, ಕೊನೆಯದರಲ್ಲಿ ಕಾಲು. ಶುರುವಿನಲ್ಲಿ ಅಗೆತ, ಬುನಾದಿ, ಅನುಮತಿಗಳು. ಕೊನೆಯಲ್ಲಿ ಫಿನಿಷಿಂಗ್ ಮತ್ತು ಸ್ನ್ಯಾಗ್ ಪಟ್ಟಿ (ಸರಿಪಡಿಸಬೇಕಾದ ಸಣ್ಣಪುಟ್ಟ ಕುಂದುಗಳು). ದುಡ್ಡು ಓಡುವುದು ನಡುವೆ. ನಿಮ್ಮ ಮೂರನೇ ಕೆಲಸ 540 ಇದ್ದರೂ ಮೊದಲ 6 ತಿಂಗಳು ಬರೀ 135, ಅಂದರೆ ತಿಂಗಳಿಗೆ 22.5. ಮುಂದಿನ 6 ತಿಂಗಳು ತಿಂಗಳಿಗೆ 45.

ಮೊದಲ ಕೆಲಸ ಮುಗಿಯುವ ಹಂತದಲ್ಲಿದೆ, ಅದನ್ನು 80, 70, 50, 40 ಎಂದಿಟ್ಟೆ. ಎರಡನೆಯದನ್ನು 40, 40, 30, 30, 20, 20. ಕೂಡಿಸಿ ನೋಡಿ:

1ನೇ ತಿಂಗಳು 120
2ನೇ ತಿಂಗಳು 110
3ನೇ ತಿಂಗಳು 80
4ನೇ ತಿಂಗಳು 70
5 ಮತ್ತು 6ನೇ ತಿಂಗಳು ತಲಾ 42.5
7ರಿಂದ 10ನೇ ತಿಂಗಳು ತಲಾ 22.5
11 ಮತ್ತು 12ನೇ ತಿಂಗಳು ತಲಾ 45

8 ತಿಂಗಳ ಕೆಲಸ ಇದೆ ಎಂದ ಕಂಪನಿಯಲ್ಲಿ 5ನೇ ತಿಂಗಳಿಗೇ ಕೈಯಲ್ಲಿರುವುದು ಸಾಮರ್ಥ್ಯದ ಮೂರನೇ ಒಂದು ಭಾಗ, 7ನೇ ತಿಂಗಳಲ್ಲಿ ಐದನೇ ಒಂದಕ್ಕಿಂತ ಕಡಿಮೆ. 12 ತಿಂಗಳಿಗೆ ಒಟ್ಟು 645. ಉಳಿದ 315 ಅದರಾಚೆಗೆ. ವರ್ಷದ ಸಾಮರ್ಥ್ಯ 1440 ಎಂದಿಟ್ಟುಕೊಂಡರೆ ಖಚಿತವಾಗಿರುವುದು 45% ಮಾತ್ರ. ಮೂರನೇ ಕೆಲಸ ಎರಡು ತಿಂಗಳು ತಡವಾಗಿ ಶುರುವಾಯಿತು ಅನ್ನಿ (ಸೈಟ್ ಹಸ್ತಾಂತರ ತಡವಾಗುವುದು ತೀರಾ ಸಾಮಾನ್ಯ), 5 ಮತ್ತು 6ನೇ ತಿಂಗಳು ತಲಾ 20ಕ್ಕೆ ಇಳಿಯುತ್ತವೆ. ಹೀಗಿರುವಾಗ ಈಗ ಕಾಯಂ ಎಂಜಿನಿಯರ್‌ಗಳನ್ನು ತೆಗೆದುಕೊಳ್ಳುವ ಮಾತೇ ಬರಬಾರದು.

ಇನ್ನೊಂದು ಅಂಕಿ ನೀವೇ ಕೊಟ್ಟಿದ್ದೀರಿ. ಮೂರು ತಿಂಗಳಲ್ಲಿ ಗೆದ್ದದ್ದು 270, ಬಿಲ್ ಮಾಡಿದ್ದು 360. ಅನುಪಾತ 0.75. ಒಂದಕ್ಕಿಂತ ಕೆಳಗಿದ್ದರೆ ಹಳೆಯ ದಾಸ್ತಾನನ್ನು ತಿನ್ನುತ್ತಿದ್ದೀರಿ ಎಂದರ್ಥ. ಒಂದು ತ್ರೈಮಾಸಿಕ ಹೀಗಾದರೆ ಚಿಂತೆಯಿಲ್ಲ, ದೊಡ್ಡ ಟೆಂಡರ್‌ಗಳು ಒಂದೇ ಸಲ ಬಂದು ಬೀಳುತ್ತವೆ. ಅದಕ್ಕೇ ನಾಲ್ಕು ತ್ರೈಮಾಸಿಕಗಳ ಚಲಿಸುವ ಮೊತ್ತದಲ್ಲಿ (ಪ್ರತಿ ಸಲ ಕೊನೆಯ ನಾಲ್ಕನ್ನು ಕೂಡಿಸಿ) ನೋಡಬೇಕು. ಅಲ್ಲೂ 1ಕ್ಕಿಂತ ಕೆಳಗಿದ್ದು ಇಳಿಯುತ್ತಲೇ ಇದ್ದರೆ ಬಿಲ್ಲಿಂಗ್ ಇನ್ನೂ ಚೆನ್ನಾಗಿ ಕಾಣುತ್ತಿರುವಾಗಲೇ ಕೆಲಸ ಖಾಲಿಯಾಗುತ್ತಿದೆ.

ಸಿಗಬಹುದಾದ ಕೆಲಸವನ್ನು ಸೇರಿಸುವಾಗ ನಿಮ್ಮದೇ ಗೆಲುವಿನ ಪ್ರಮಾಣ ಹಾಕಿ. ಐದರಲ್ಲಿ ಒಂದು ಗೆಲ್ಲುವವರು 600 ಮೊತ್ತದ ಸಣ್ಣ ಟೆಂಡರ್‌ಗಳಿಗೆ 120 ಹಿಡಿಯಬಹುದು. ಆದರೆ ಪ್ರಮಾಣವನ್ನು ಸಂಖ್ಯೆಯಲ್ಲೂ ಮೊತ್ತದಲ್ಲೂ ಬೇರೆ ಬೇರೆ ಲೆಕ್ಕ ಹಾಕಿ; ಸಣ್ಣವನ್ನೇ ಗೆದ್ದು ದೊಡ್ಡವನ್ನು ಕಳೆದುಕೊಳ್ಳುವ ಕಂಪನಿಗೆ ಸಂಖ್ಯೆಯ ಪ್ರಮಾಣ ಸುಳ್ಳು ಹೇಳುತ್ತದೆ. ಹಳೆಯ ಗ್ರಾಹಕರು, ಹೊಸಬರು, ಸರ್ಕಾರಿ ಎಂದು ಮೂರು ಗುಂಪು ಮಾಡಿದರೆ ಪ್ರಮಾಣಗಳು ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆಯಾಗಿ ಬರುತ್ತವೆ. ಒಂದೇ ಒಂದು 500ರ ಟೆಂಡರ್‌ಗೆ ಮಾತ್ರ 20% ಹಾಕಿ 100 ಎಂದು ಬರೆಯಬೇಡಿ. ಅದು ಬಂದರೆ 500, ಇಲ್ಲದಿದ್ದರೆ ಸೊನ್ನೆ; 100 ಎಂದೂ ಬರುವುದಿಲ್ಲ. ವರ್ಷದ ವಹಿವಾಟಿನ ಕಾಲು ಭಾಗ ದಾಟುವ ಟೆಂಡರ್‌ಗಳನ್ನು ಪ್ರತ್ಯೇಕ ಹಾಳೆಯಲ್ಲಿಟ್ಟು, ಅದು ಬಂದ ಲೆಕ್ಕ ಒಂದು, ಬಾರದ ಲೆಕ್ಕ ಒಂದು ಎಂದು ಎರಡು ಮಾಡಿ.

---

ಪ್ಲಾನಿಂಗ್_ಮೇಜು:

ತಿಂಗಳುವಾರು ಹರಡಿದ ಪಟ್ಟಿ ಕಣ್ಣು ತೆರೆಸಿತು, ಧನ್ಯವಾದ. ಇನ್ನೊಂದು ಗೊಂದಲ ಉಳಿದಿದೆ. ನಮ್ಮಲ್ಲಿ ವಿಚಾರಣೆಗಳ ಸಂಖ್ಯೆ ನಿಜಕ್ಕೂ ಏರಿದೆ. ಎಸ್ಟಿಮೇಟಿಂಗ್ ವಿಭಾಗಕ್ಕೆ ಪುರುಸೊತ್ತಿಲ್ಲ. ವಿಚಾರಣೆ ಏರಿ ಆರ್ಡರ್ ಏರದಿದ್ದರೆ ಅದನ್ನು ಒಳ್ಳೆಯ ಲಕ್ಷಣ ಎನ್ನಬೇಕೋ ಕೆಟ್ಟದ್ದು ಎನ್ನಬೇಕೋ?

---

ಬಿಒಕ್ಯೂ_ಬಲ್ಲವರು:

ಎರಡೂ ಆಗಬಹುದು. ತೀರ್ಮಾನಿಸುವ ಮೊದಲು ಎಣಿಕೆಯನ್ನು ಸರಿಮಾಡಿಕೊಳ್ಳಿ. ಮಾಲೀಕ ಒಂದು ಕಟ್ಟಡಕ್ಕೆ 6 ಮುಖ್ಯ ಗುತ್ತಿಗೆದಾರರಿಂದ ದರ ಕೇಳುತ್ತಾನೆ. ಒಬ್ಬೊಬ್ಬರೂ ಪ್ಲಂಬಿಂಗ್‌ಗೆ 3 ಸಬ್‌ಕಾಂಟ್ರಾಕ್ಟರ್‌ಗಳನ್ನು ಕೇಳುತ್ತಾರೆ. ಪ್ಲಂಬಿಂಗ್ ಕಂಪನಿಗಳ ಮೇಜಿನ ಮೇಲೆ 18 ವಿಚಾರಣೆ, ಕಟ್ಟಡ ಒಂದೇ. ಮಾಲೀಕರಿಗೆ ದರದ ಬಗ್ಗೆ ಅನುಮಾನ ಬಂದು 6ರ ಬದಲು 10 ಜನರನ್ನು ಕೇಳತೊಡಗಿದರೆ ವಿಚಾರಣೆ 30ಕ್ಕೆ ಏರುತ್ತದೆ, ಕೆಲಸ ಒಂದು ಇಟ್ಟಿಗೆಯಷ್ಟೂ ಏರಿರುವುದಿಲ್ಲ. ಸಮೀಕ್ಷೆಯ "ವಿಚಾರಣೆ" ಸಾಲೂ ಇದೇ ರೀತಿ ಊದಿಕೊಳ್ಳುತ್ತದೆ.

ಆದ್ದರಿಂದ ವಿಚಾರಣೆಯನ್ನು ಕಳಿಸಿದವರ ಹೆಸರಿನಲ್ಲಿ ಎಣಿಸದೆ ಸೈಟಿನ ವಿಳಾಸದಲ್ಲಿ ಎಣಿಸಿ. ದಾಖಲೆಯಲ್ಲಿ ಸೈಟ್, ಅಂತಿಮ ಮಾಲೀಕ, ಮೊದಲು ಕೇಳಿದ ದಿನಾಂಕ, ಇದು ಎಷ್ಟನೇ ಸಲದ ಬೆಲೆ, ಸ್ಪರ್ಧಿಗಳೆಷ್ಟು, ತೀರ್ಮಾನ ಬಂದ ದಿನಾಂಕ ಇಷ್ಟಿರಲಿ. ಒಂದೇ ಸೈಟಿಗೆ ಮೂರನೇ ಸಲ ಪರಿಷ್ಕೃತ ದರ ಕೇಳಿದರೆ ಅದು ಹೊಸ ವಿಚಾರಣೆಯಲ್ಲ. ಬಜೆಟ್ಟಿಗೆ ಹೊಂದಿಸಲಾಗದೆ ಮಾಲೀಕ ಒದ್ದಾಡುತ್ತಿದ್ದಾನೆ, ಸ್ಪೆಸಿಫಿಕೇಶನ್ ಕತ್ತರಿಸುತ್ತಿದ್ದಾನೆ ಎಂಬ ಸೂಚನೆ.

ಟೆಂಡರ್ ಸಲ್ಲಿಸಿದ ದಿನದಿಂದ ತೀರ್ಮಾನದವರೆಗಿನ ದಿನಗಳನ್ನು ನಾನಂತೂ ಬಹಳ ಗೌರವದಿಂದ ನೋಡುತ್ತೇನೆ. ಮಾರುಕಟ್ಟೆ ತಿರುಗುವಾಗ ಮೊದಲು ಅಲ್ಲಾಡುವುದು ಅದೇ. ತೀರ್ಮಾನಗಳು ನಿಧಾನವಾಗುತ್ತವೆ, ಟೆಂಡರ್‌ನ ಸಿಂಧುತ್ವ ವಿಸ್ತರಿಸಿ ಎಂಬ ಪತ್ರಗಳು ಬರುತ್ತವೆ, ಕೆಲಸ ರದ್ದಾಗುವುದು ಅದಾದ ಮೇಲೆ. 90 ದಿನದ ಸಿಂಧುತ್ವವನ್ನು ಮತ್ತೆ 90 ದಿನ ಎಳೆದರೆ ನಿಮ್ಮ ಸಿಮೆಂಟ್, ಕಬ್ಬಿಣದ ದರ ಹಳೆಯದಾಗಿರುತ್ತದೆ. ಬೆಲೆ ಏರಿಕೆಯ ಕಲಮು ಇಲ್ಲದ ಟೆಂಡರ್‌ಗೆ ಕಣ್ಣುಮುಚ್ಚಿ ವಿಸ್ತರಣೆ ಕೊಡಬೇಡಿ, ಪರಿಷ್ಕೃತ ದರದೊಂದಿಗೆ ಕೊಡಿ.

ಎಸ್ಟಿಮೇಟಿಂಗ್ ವಿಭಾಗಕ್ಕೆ ಪುರುಸೊತ್ತಿಲ್ಲ ಎಂದಿರಿ. ಸ್ಪರ್ಧಿಗಳು ಹೆಚ್ಚಾದ ಟೆಂಡರ್‌ಗಳನ್ನು ಬಿಡುವುದಕ್ಕೆ ಕಲಿಯದಿದ್ದರೆ ಅವರು ಇನ್ನೂ ಹೆಚ್ಚು ದುಡಿದು ಇನ್ನೂ ಕಡಿಮೆ ಗೆಲ್ಲುತ್ತಾರೆ, ಆತುರದಲ್ಲಿ ಬಿಒಕ್ಯೂನ (ಕೆಲಸದ ಬಾಬ್ತು, ಪ್ರಮಾಣಗಳ ಪಟ್ಟಿ) ಒಂದು ಪುಟ ತಪ್ಪಿಹೋಗಿ ಗೆಲ್ಲಬಾರದ ದರಕ್ಕೆ ಗೆಲ್ಲುತ್ತಾರೆ. ಕೆಲಸ ಕಡಿಮೆಯಾದಾಗ ಲಾಭ ಬಿಟ್ಟು ದರ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ತುಂಬಿಸಿದ ಆರ್ಡರ್ ಬುಕ್ ಎರಡು ವರ್ಷ ಕಾಡುತ್ತದೆ. ಹಾಗಾಗಿ ಬಾಕಿ ಮೊತ್ತದ ಪಕ್ಕದಲ್ಲೇ ಅದರೊಳಗಿನ ಮಾರ್ಜಿನ್ ಎಷ್ಟೆಂದು ಇನ್ನೊಂದು ಕಾಲಂ ಹಾಕಿ.

---

ಸೈಟ್_ಕಡೆಯವರು:

ಹಣದ ಲೆಕ್ಕದಲ್ಲೇ ಎಲ್ಲವೂ ನಡೆಯುತ್ತಿದೆ. ಜನ ತೆಗೆದುಕೊಳ್ಳುವ ಪ್ರಶ್ನೆಗೆ ಹಣ ಸರಿಯಾದ ಅಳತೆಯಲ್ಲ. ಬಿಲ್ಲಿಂಗ್ 12% ಏರಿತು, ಅದೇ ಅವಧಿಯಲ್ಲಿ ಸಾಮಗ್ರಿ ಮತ್ತು ಕೂಲಿ 10% ಏರಿತು ಅನ್ನಿ. 1.12 ಅನ್ನು 1.10ರಿಂದ ಭಾಗಿಸಿ: ನಿಜವಾದ ಕೆಲಸ ಏರಿದ್ದು 2%ಕ್ಕೂ ಕಡಿಮೆ. ಅದಕ್ಕೆ ಹೆಚ್ಚುವರಿ ಮೇಸ್ತ್ರಿಗಳು ಬೇಕಿಲ್ಲ.

ಜನರ ಲೆಕ್ಕವನ್ನು ಕೆಲಸದ ಪ್ರಮಾಣದಿಂದ ಮಾಡಿ, ಕಸುಬುವಾರು. ಉದಾಹರಣೆಗೆ 60 ಟನ್ ಕಂಬಿ ಕಟ್ಟಬೇಕು, ನಿಮ್ಮ ಹಳೆಯ ಮಸ್ಟರ್ ರೋಲ್ (ಕೂಲಿಕಾರರ ಹಾಜರಿ ಪುಸ್ತಕ) ಮತ್ತು ಅಳತೆ ಪುಸ್ತಕ ಸೇರಿಸಿ ನೋಡಿದರೆ ಟನ್ನಿಗೆ 30 ಗಂಟೆ ಬಿದ್ದಿದೆ ಅಂತಿಟ್ಟುಕೊಳ್ಳಿ. 1800 ಗಂಟೆ. 6 ವಾರ, ವಾರಕ್ಕೆ 48 ಗಂಟೆ ಎಂದರೆ 6.25 ಜನ. 10% ಗೈರುಹಾಜರಿ ಸೇರಿಸಿದರೆ 7 ಜನ. ಇದೇ ರೀತಿ ಸೆಂಟ್ರಿಂಗ್ (ಕಾಂಕ್ರೀಟ್‌ನ ಅಚ್ಚು ಕಟ್ಟುವ ಕೆಲಸ) ಚದರ ಮೀಟರ್‌ನಲ್ಲಿ, ಕಾಂಕ್ರೀಟ್ ಘನ ಮೀಟರ್‌ನಲ್ಲಿ, ಪ್ಲಾಸ್ಟರಿಂಗ್ ಚದರ ಮೀಟರ್‌ನಲ್ಲಿ. ಟನ್ನಿಗೆ ಎಷ್ಟು ಗಂಟೆ ಎಂಬುದನ್ನು ಕೈಪಿಡಿಯಿಂದ ಎತ್ತಿಕೊಳ್ಳಬೇಡಿ. 8 ಎಂಎಂ ರಿಂಗುಗಳೇ ತುಂಬಿರುವ ಕಾಲಂ ಕೆಲಸಕ್ಕೂ 25 ಎಂಎಂ ಕಂಬಿಯ ರಾಫ್ಟ್ ಬುನಾದಿಗೂ ಅದು ಎಷ್ಟೋ ಪಟ್ಟು ಬದಲಾಗುತ್ತದೆ.

ನಿಮ್ಮ ಪಟ್ಟಿಯನ್ನು ಕಸುಬಿನ ಕಣ್ಣಿನಿಂದ ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ. ಮೊದಲ ನಾಲ್ಕು ತಿಂಗಳು ಫಿನಿಷಿಂಗ್ ಹೆಚ್ಚು: ಪ್ಲಾಸ್ಟರಿಂಗ್, ಟೈಲ್ಸ್, ಎಲೆಕ್ಟ್ರಿಕಲ್. 5ನೇ ತಿಂಗಳಿಂದ ಅಗೆತ, ಬುನಾದಿ, ಸೆಂಟ್ರಿಂಗ್. ಸೆಂಟ್ರಿಂಗ್ ತಂಡ ಈಗಲೇ ಬಿಡುವಾಗಿದ್ದು 5ನೇ ತಿಂಗಳ ಹೊತ್ತಿಗೆ ಬೇರೆಡೆ ಹೋಗಿರುತ್ತದೆ. ಮಾರುಕಟ್ಟೆಯಲ್ಲೂ ಇದೇ ಕ್ರಮ. ಹೊಸ ಸೈಟ್‌ಗಳು ಕಡಿಮೆಯಾದಾಗ ಮೊದಲು ಖಾಲಿಯಾಗುವುದು ಅಗೆತದ ಯಂತ್ರದವರು, ಪೈಲಿಂಗ್‌ನವರು (ಬುನಾದಿಗೆ ಆಳದ ಕಂಬ ಇಳಿಸುವವರು); ಪೇಂಟಿಂಗ್, ಟೈಲ್ಸ್‌ನವರಿಗೆ ಅದು ತಟ್ಟುವುದಕ್ಕೆ ಒಂದು ಕಟ್ಟಡದ ಪೂರ್ತಿ ಅವಧಿ ಬೇಕು. ದಾರಿ ತಿಳಿಯಬೇಕಿದ್ದರೆ ಪೈಲಿಂಗ್ ರಿಗ್ ಎಷ್ಟು ದಿನದ ಮುಂಗಡ ಬುಕಿಂಗ್‌ಗೆ ಸಿಗುತ್ತದೆ ಎಂದು ಕೇಳಿ. ನಾಳೆಯೇ ಕಳಿಸುತ್ತೇವೆ ಎಂದರೆ ಅದು ಸಮೀಕ್ಷೆಯ ಎಷ್ಟೋ ಪುಟಗಳಿಗೆ ಸಮ.

---

ಆರ್‌ಎ_ಬಿಲ್:

ಸಮೀಕ್ಷೆ ಹೇಳುವಂತೆ ನಿಜಕ್ಕೂ ಕೆಲಸ ಏರಿದರೆ ಏನಾಗುತ್ತದೆ ಎಂಬುದನ್ನು ಯಾರೂ ಎತ್ತಿಲ್ಲ. ಕೆಲಸ ಹೆಚ್ಚಾದಾಗ ಮುಳುಗುವ ಗುತ್ತಿಗೆದಾರರು ಕಡಿಮೆಯೇನಿಲ್ಲ.

ತಿಂಗಳ ಕೊನೆಗೆ ಅಳತೆ, 14 ದಿನದಲ್ಲಿ ಪ್ರಮಾಣೀಕರಣ, ಆಮೇಲೆ 30 ದಿನದಲ್ಲಿ ಪಾವತಿ ಎಂಬ ಷರತ್ತು ಇದೆ ಅನ್ನಿ. ತಿಂಗಳ ನಡುವೆ ಆದ ಕೆಲಸಕ್ಕೆ 15 + 14 + 30, ಸುಮಾರು 59 ದಿನ ಕಾಯಬೇಕು. ತಿಂಗಳಿಗೆ 120ರ ಕೆಲಸವಿದ್ದರೆ ಯಾವಾಗಲೂ ಸುಮಾರು 240 ಹೊರಗೆ ಸಿಕ್ಕಿಕೊಂಡಿರುತ್ತದೆ. ಕೆಲಸ 180ಕ್ಕೆ ಏರಿದರೆ ಅದು 360. ಹೆಚ್ಚುವರಿ 120ರಲ್ಲಿ ಸಾಮಗ್ರಿ ಪೂರೈಕೆದಾರರ ಸಾಲದ ಅವಧಿ ಒಂದಷ್ಟು ಭರಿಸುತ್ತದೆ, ಕೂಲಿ ಮಾತ್ರ ವಾರವಾರ ಕೊಡಲೇಬೇಕು. ಇದರ ಮೇಲೆ 5% ರಿಟೆನ್ಷನ್ (ಮಾಲೀಕ ಪ್ರತಿ ಬಿಲ್ಲಿನಿಂದ ತಡೆಹಿಡಿಯುವ ಮೊತ್ತ) ಇದ್ದರೆ ತಿಂಗಳಿಗೆ 9 ಹೋಗುತ್ತದೆ, ಅದು ಕೆಲಸ ಮುಗಿದು ದೋಷ ಹೊಣೆಗಾರಿಕೆಯ ಅವಧಿ ಕಳೆಯುವವರೆಗೆ ಪೂರ್ತಿ ಬರುವುದಿಲ್ಲ. ಮಾರ್ಜಿನ್ 5% ಇರುವ ಕೆಲಸದಲ್ಲಿ ಲಾಭವೆಲ್ಲ ರಿಟೆನ್ಷನ್‌ನಲ್ಲೇ ಕುಳಿತಿರುತ್ತದೆ.

ಆದ್ದರಿಂದ ಅಂದಾಜು_ಪಟ್ಟಿಯವರು ಮಾಡಿದ ತಿಂಗಳುವಾರು ಸಾಲಿನ ಕೆಳಗೆ ಇನ್ನೆರಡು ಸಾಲು ಹಾಕಿ: ಆ ತಿಂಗಳು ಕೈಗೆ ಬರುವ ಹಣ, ಕೈಬಿಟ್ಟು ಹೋಗುವ ಹಣ. ಬರುವ ಹಣವನ್ನು ಎರಡು ತಿಂಗಳು ಬಲಕ್ಕೆ ಸರಿಸಿ ಬರೆಯಿರಿ. ನಿಮ್ಮ ಪಟ್ಟಿಯಲ್ಲಿ 5 ಮತ್ತು 6ನೇ ತಿಂಗಳು ಕೆಲಸ ಇಳಿದಿದ್ದರೂ 3 ಮತ್ತು 4ರ ಬಿಲ್‌ಗಳು ಬಂದು ಬ್ಯಾಂಕಿನಲ್ಲಿ ಹಣ ಚೆನ್ನಾಗಿಯೇ ಕಾಣುತ್ತದೆ. ಆ ಹಣ ನೋಡಿ ಯಂತ್ರ ಖರೀದಿಗೆ ಸಹಿ ಹಾಕುವ ಸಾಧ್ಯತೆ ಆಗಲೇ ಹೆಚ್ಚು. 7ನೇ ತಿಂಗಳಿಂದ ಬಿಗಿ ಶುರುವಾಗಿ, 11ರಲ್ಲಿ ಮೂರನೇ ಕೆಲಸ 45ಕ್ಕೆ ಏರುವಾಗ ಕೂಲಿ, ಕಬ್ಬಿಣಕ್ಕೆ ಕೈಯಿಂದ ಹಾಕಬೇಕಾಗುತ್ತದೆ. ಬ್ಯಾಂಕಿನ ಓವರ್‌ಡ್ರಾಫ್ಟ್ ಮಿತಿಯ ಮಾತುಕತೆಯನ್ನು 4ನೇ ತಿಂಗಳೊಳಗೆ, ಲೆಕ್ಕಪತ್ರ ಚೆನ್ನಾಗಿ ಕಾಣುವಾಗಲೇ ಮುಗಿಸಿಕೊಳ್ಳಿ. ಮೂರನೇ ಕೆಲಸದ ಕರಾರಿಗೆ ಇನ್ನೂ ಸಹಿ ಆಗಿಲ್ಲದಿದ್ದರೆ ಮೊಬಿಲೈಸೇಶನ್ ಅಡ್ವಾನ್ಸ್ (ಕೆಲಸ ಶುರು ಮಾಡಲು ಕೊಡುವ ಮುಂಗಡ) ಮತ್ತು ಪ್ರಮಾಣೀಕರಣದ ದಿನಗಳ ಬಗ್ಗೆ ಈಗಲೇ ಕೂತು ಮಾತಾಡಿ.